ಹುರುಪೆ ಬಣ್ಣದ ದೋಣಿ

ದೋಣಿಗೆ ಆರ್‌ಸಿ ಬುಕ್ ಕೇಳಿದ ಇನ್ಸ್‌ಪೆಕ್ಟರ್ ಈ ಭೂಮಿಯ ಮೇಲೆ ಒಬ್ಬನೇ. ಅವನೂ ಇನ್ಸ್‌ಪೆಕ್ಟರ್ ಅಲ್ಲ, ಗೋವಿಂದರಾಜನಗರದ ಗ್ಯಾರೇಜಿನ ಭೈರೇಶ. ನಂಬಿದರೆ ನಂಬಿ, ಬಿಟ್ಟರೆ ಬಿಡಿ, ನಡೆದದ್ದಂತೂ ನಡೆದದ್ದೇ.

ನಾಗರಬಾವಿ ಆಚೆಯ ಕೆರೆಯಲ್ಲಿ ಮೀನು ಹಿಡಿಯುವ ತಿಮ್ಮಯ್ಯ ಯಾವುದೋ ಛತ್ರದ ಮುಂದೆ ಮಿಣಮಿಣ ಎನ್ನುವ ಕಾರೊಂದನ್ನು ಕಂಡು ಮನಸೋತಿದ್ದ. ಮಾರನೆಯ ದಿನವೇ ತನ್ನ ಹಳೇ ಫೈಬರ್ ದೋಣಿಯನ್ನು ಲಗೇಜ್ ಆಟೋದಲ್ಲಿ ಮಕಾಡೆ ಹೇರಿಕೊಂಡು, ಇದಕ್ಕೂ ಅದೇ ಮಿಣಮಿಣ ಬಣ್ಣ ಬೇಕೆಂದು ಗ್ಯಾರೇಜಿಗೆ ಬಂದ.

“ಅದಕ್ಕೆ ಮೆಟಲ್ ಫ್ಲೇಕ್ ಅಂತಾರೆ ಯಜಮಾನ್ರೇ,” ಎಂದ ಭೈರೇಶ.

“ಅದು ನನ್ನ ನಾಲ್ಗೆ ಮೇಲೆ ಹೊರಳಲ್ಲ ಕಣಪ್ಪ. ಮೀನಿನ ಮೈಮೇಲೆ ಹುರುಪೆ ಇರ್ತದಲ್ಲ, ಬಿಸಿಲಿಗೆ ಹಿಡಿದ್ರೆ ಹೆಂಗ್ ಮಿಂಚ್ತದೆ? ಹಂಗೆ. ಹುರುಪೆ ಬಣ್ಣ ಅಂತ ಬರ್ಕೊ. ಶುಕ್ರವಾರ ಕೆರೇಲಿ ಗಂಗಮ್ಮನ ಪೂಜೆ. ಹೋದ್ ಸರ್ತಿ ದೋಣಿ ನೀರಿನ ಬಣ್ಣಕ್ಕೇ ತಿರುಗಿತ್ತು. ‘ಇವ್ರೇನು ನೀರ್ ಮೇಲೇ ನಿಂತವ್ರೆ’ ಅಂತ ನಮ್ಮನೆಯೋಳೇ ಕೆರೆ ಏರಿ ಮೇಲಿಂದ ಕೂಗಿದ್ಳು!”

“ಬಿಡಿ, ಹುರುಪೆ ಹೊಡೆಸಿದೋರಿಗೆ ಹುರುಪು ಫ್ರೀ,” ಎಂದ ಭೈರೇಶ.

ಗದಗಿನಿಂದ ಬಂದ ಪೇಂಟರ್ ಬಾಳೇಶ ಮೂರು ದಿನ ದೋಣಿಯ ಬೆನ್ನು ಬಿಡಲಿಲ್ಲ. ಉಪ್ಪುಕಾಗದ ತಿಕ್ಕಿ, ಪ್ರೈಮರ್ ಹೊಡೆದು, ಬೆಳ್ಳಿ ಬಣ್ಣದ ಮೇಲೆ ಮಿಂಚಿನ ಚೂರು ಬೆರೆಸಿದ ಲ್ಯಾಕರ್ ಹಾಯಿಸಿದ. ದೋಣಿ ಮದುಮಗಳಾಯಿತು. ಅದನ್ನು ನೋಡುತ್ತಿದ್ದ ಹಾಗೇ ಭೈರೇಶನಿಗೆ ಮಿಮಿಕ್ರಿಯ ಹಳೇ ಕಾಯಿಲೆ ಕೆರಳಿತು. ಬಿ.ಕಾಂ. ಓದುವಾಗ ಪ್ರಿನ್ಸಿಪಾಲರ ದನಿಯಲ್ಲಿ ಮೈಕಿನಲ್ಲಿ ರಜೆ ಘೋಷಿಸಿ ಇಡೀ ಕಾಲೇಜನ್ನು ಮನೆಗೆ ಕಳಿಸಿದ ಗಂಟಲು ಅದು. ಸುಮ್ಮನಿರು ಎಂದರೆ ಇರುತ್ತದೆಯೇ? ಎದುರಿನ ದರ್ಶಿನಿಯ ಕಾಯಿನ್ ಬೂತಿಗೆ ಹೋಗಿ ಒಂದು ರೂಪಾಯಿ ತೂರಿಸಿದ. ತಿಮ್ಮಯ್ಯನ ಕೊರಳಲ್ಲಿ ತಾಯತದಂತೆ ನೇತಾಡುವ ಮೊಬೈಲು ಹೊಡೆದುಕೊಂಡಿತು.

“ಏನ್ರೀ, ತಿಮ್ಮಯ್ಯನೋರಾ? ಆರ್‌ಟಿಓ ಇನ್ಸ್‌ಪೆಕ್ಟರ್ ಮಾತಾಡ್ತಿರೋದು. ವೆಹಿಕಲ್‌ಗೆ ಹುರುಪೆ ಬಣ್ಣ ಹೊಡೆಸಿದ್ದೀರಂತೆ. ಆರ್‌ಸೀಲಿ ಕಲರ್ ಚೇಂಜ್ ಮಾಡ್ಸಿದ್ರಾ?”

“ಸ್ವಾಮಿ, ಅದು ದೋಣಿ.”

“ಚಲಿಸುತ್ತೋ ಇಲ್ವೋ? ಚಲಿಸಿದ್ಮೇಲೆ ವಾಹನಾನೇ. ಹಾರ್ನ್ ಎಲ್ಲಿ? ಎಮಿಷನ್ ಟೆಸ್ಟ್ ಎಲ್ಲಿ?”

“ಹುಟ್ಟು ಹಾಕೋನು ನಾನೇ ಸ್ವಾಮಿ. ಹೊಗೆ ಅಂದ್ರೆ ನನ್ನ ಬೀಡೀದೊಂದೇ.”

“ಹಾಗಾದ್ರೆ ಬೀಡಿ ಬಂದ್! ಪೇಪರ್ಸ್ ಇಲ್ದೆ ಶುಕ್ರವಾರ ನೀರಿಗಿಳಿಸಿದ್ರೋ, ದೋಣಿ ಸೀಜ್!”

ಆ ಕಡೆಯಿಂದ ಸಣ್ಣ ದನಿ: “ಆಗ್ಲಿ ಸ್ವಾಮಿ.” ಭೈರೇಶ ನಗು ತಡೆಯಲಾರದೆ ಹೊಟ್ಟೆ ಹಿಡಿದುಕೊಂಡು ಗ್ಯಾರೇಜಿಗೆ ಓಡಿದ. ಶುಕ್ರವಾರ ಎಲ್ಲರೆದುರಿಗೆ ಗುಟ್ಟು ಬಿಚ್ಚಿ ಚಪ್ಪಾಳೆ ಗಿಟ್ಟಿಸುವುದು ಅವನ ಲೆಕ್ಕಾಚಾರ.

ಶುಕ್ರವಾರ ಏರಿಯ ಮೇಲೆ ಜನವೋ ಜನ. ಅರಿಶಿನ, ಹೂವು, ಆರತಿ ತಟ್ಟೆ. ದೋಣಿ ಆಟೋದಿಂದ ಇಳಿಯುತ್ತಲೇ ತಿಮ್ಮಯ್ಯ ಅದರ ಮೂತಿಗೆ ಪೋಂ ಪೋಂ ಎನ್ನುವ ರಬ್ಬರ್ ಹಾರ್ನ್ ಕಟ್ಟಿದ. ಮುಖ ನೋಡಿದರೆ ಎರಡು ದಿನದಿಂದ ಅನ್ನ ಕಂಡ ಹಾಗಿಲ್ಲ. ಪಕ್ಕದಲ್ಲಿ ಹೆಂಡತಿ ಚಿಕ್ಕಗಂಗಮ್ಮ ಗುಡುಗುತ್ತಿದ್ದಳು: “ಆ ಇನ್ಸ್‌ಪೆಕ್ಟ್ರು ನನ್ನ ಕೈಗೆ ಸಿಗ್ಲಿ. ಮೀನ್ ಕುಯ್ಯೋ ಕತ್ತೀಲೇ ಮಾತಾಡಿಸ್ತೀನಿ!”

ಭೈರೇಶ ಬಿಚ್ಚಲು ಹೊರಟಿದ್ದ ಗುಟ್ಟನ್ನು ಮತ್ತೆ ಗಂಟು ಹಾಕಿಕೊಂಡ.

“ಸಾಹೇಬ್ರು ಬೆಳಿಗ್ಗೆ ತಿರ್ಗಾ ಫೋನ್ ಮಾಡಿದ್ರಪ್ಪ,” ಎಂದ ತಿಮ್ಮಯ್ಯ. “ಬಣ್ಣ ಹೊಡೆದ ಗ್ಯಾರೇಜಿನ ಓನರ್ರೇ ಕೂತು ಒಂದು ಸುತ್ತು ಟ್ರಯಲ್ ನೋಡ್ಬೇಕಂತೆ. ಇಲ್ದಿದ್ರೆ ಸೀಜಂತೆ. ಹತ್ತಪ್ಪ, ಪೂಜೆಗೆ ಹೊತ್ತಾಯ್ತು.”

ಬೆಳಿಗ್ಗೆ ಯಾವ ಸಾಹೇಬನೂ ಫೋನ್ ಮಾಡಿಲ್ಲ ಎಂಬುದು ಭೈರೇಶನಿಗಿಂತ ಚೆನ್ನಾಗಿ ಇನ್ಯಾರಿಗೆ ಗೊತ್ತು? ಆದರೆ ಹಾಗೆಂದು ಬಾಯಿಬಿಟ್ಟರೆ ಕತ್ತಿ, ಬಿಡದಿದ್ದರೆ ನೀರು. ಅವನೋ ಮನೆಯ ಸಂಪಿನೊಳಗೆ ಇಣುಕಲೂ ಅಂಜುವ ಆಸಾಮಿ. ಕಣ್ಣು ಮುಚ್ಚಿ ದೋಣಿ ಹತ್ತಿದ.

ನಡುಕೆರೆಗೆ ಬಂದಾಗ ತಿಮ್ಮಯ್ಯ ಹುಟ್ಟನ್ನು ಎತ್ತಿ ಮಡಿಲಲ್ಲಿಟ್ಟುಕೊಂಡ. ದೋಣಿ ಸಾವಿರ ಕಣ್ಣು ಮಿಟುಕಿಸುತ್ತ ಅತ್ತಿತ್ತ ತೂಗಿತು. ಭೈರೇಶ ಎರಡೂ ಅಂಚನ್ನು ಅಪ್ಪಿ ಹಿಡಿದ. ಏರಿಯಿಂದ ಬಾಳೇಶ ಕೂಗಿದ: “ಅಣ್ಣಾ, ಗಟ್ಟಿ ಹಿಡ್ಕೋರಿ! ಬಣ್ಣ ಒಣಗೈತಿ, ಕೈಗೆ ಹತ್ತಂಗಿಲ್ಲ!”

“ಯಜಮಾನ್ರೇ, ಟ್ರಯಲ್ ಸೂಪರ್. ವಾಪಸ್ ಹೋಗೋಣ.”

“ಸಾಹೇಬ್ರ ದನೀಲಿ ಹೇಳಪ್ಪ, ಹೋಗೋಣ.”

ಭೈರೇಶನ ಗಂಟಲಿಂದ ಹೊರಟದ್ದು ಸಾಹೇಬರ ದನಿಯೂ ಅಲ್ಲ, ಅವನ ಸ್ವಂತದ್ದೂ ಅಲ್ಲ. ಕೀರಲಾಗಿ ಕೇಳಿದ: “ಹೆಂಗ್ ಗೊತ್ತಾಯ್ತು?”

“ಹುರುಪೆ ಬಣ್ಣ ಅಂತ ಹೆಸರಿಟ್ಟೋನು ನಾನು ಕಣೋ, ನಿನ್ ಗ್ಯಾರೇಜಲ್ಲಿ ನಿಂತ್ಕೊಂಡು. ನಮ್ಮನೆಯೋಳಿಗೂ ಆಗಿನ್ನೂ ಹೇಳಿರ್ಲಿಲ್ಲ. ಆರ್‌ಟಿಓ ಸಾಹೇಬ್ರಿಗೆ ಮೀನು ಹೋಗಿ ಹೇಳ್ತಾ?”

ತಿಮ್ಮಯ್ಯ ನಗತೊಡಗಿದ. ಏರಿಯ ಮೇಲೆ ಚಿಕ್ಕಗಂಗಮ್ಮ ಸೆರಗು ಬಾಯಿಗೊತ್ತಿ ನಗುತ್ತಿದ್ದಳು, ಬಾಳೇಶ ಕುಕ್ಕರುಗಾಲಲ್ಲಿ ಕೂತು ನಗುತ್ತಿದ್ದ. ಅವರೆಲ್ಲರ ನಗುವನ್ನೂ ಮುಳುಗಿಸುವಂತೆ, ದೋಣಿಯೇ ಅಲ್ಲಾಡುವಂತೆ, ಕೊಕ್ಕರೆಗಳು ಗಾಬರಿಯಿಂದ ಮೇಲೇಳುವಂತೆ ತಿಮ್ಮಯ್ಯ ನಕ್ಕ. ನಗು ಇನ್ನೂ ಮುಗಿಯದಿರುವಾಗಲೇ ಕಿವಿಯ ಸಂದಿಯಿಂದ ಬೀಡಿ ತೆಗೆದು ಹಚ್ಚಿ, ಭೈರೇಶನ ಮುಖದ ಮೇಲೆ ನಿಧಾನವಾಗಿ ಹೊಗೆ ಬಿಟ್ಟ.

“ತಕೊಳ್ಳಿ ಸಾಹೇಬ್ರೇ, ಎಮಿಷನ್ ಟೆಸ್ಟ್ ಮಾಡಿ.”