ಒಂದೇ ಸಲ ಓಡುವ ಟೇಪು

"ಅಮ್ಮಂದೇ ದನಿ ಸಾರ್! ರೇಡಿಯೊ ನಾಟಕದಲ್ಲೂ ನನ್ನನ್ನ ಬೈದ ಹಾಗೇ ಬೈತಿದ್ದಾಳೆ," ಎಂದು ಹೆಡ್‌ಫೋನ್ ಹಾಕಿಕೊಂಡಿದ್ದ ಹೆಂಗಸು ಅಳುತ್ತಲೇ ನಕ್ಕಳು. ರೇಡಿಯೊ ನಿಲಯದ ಹಳೆಯ ಟೇಪುಗಳನ್ನು ನೋಡಿಕೊಳ್ಳುವವನೂ ನಕ್ಕ. "ಈ ಟೇಪು ಒಂದು ಸಲ ಓಡಿದ್ರೆ ಮುಗೀತಮ್ಮ, ಓಡುವಾಗ್ಲೇ ಕಂಪ್ಯೂಟರಿಗೆ ಇಳಿಸ್ಕೋಬೇಕು," ಎಂದು ಅವನು ಮೊದಲೇ ಹೇಳಿದ್ದ. ಅಂತೆಯೇ ಟೇಪಿನ ಲೇಪ ಕಳಚಿ, ಯಂತ್ರದ ಕೆಳಗೆ ಕಂದು ಪುಡಿಯಾಗಿ ಉದುರುತ್ತಿತ್ತು. ದನಿಯಿದ್ದದ್ದು ಆ ಲೇಪದಲ್ಲೇ.

ನಾಟಕ ಮುಗಿದು ಟೇಪಿನ ತುದಿ ಪಟಪಟ ಬಡಿಯಿತು. ಅವನು ಕಂಪ್ಯೂಟರಿನತ್ತ ತಿರುಗಿದ. ಪರದೆಯ ಮೇಲೆ ಉದ್ದಕ್ಕೂ ಸಪಾಟು ಗೆರೆ. ಒಂದು ಮಾತೂ ಇಳಿದಿರಲಿಲ್ಲ. ಅವಳೂ ಕೇಳಲಿ ಎಂದು ಯಂತ್ರಕ್ಕೆ ಹೆಡ್‌ಫೋನ್ ಸಿಕ್ಕಿಸುವಾಗ, ಅದೇ ತೂತಿನಲ್ಲಿದ್ದ ಕಂಪ್ಯೂಟರಿನ ವೈರನ್ನು ತಾನೇ ಕಿತ್ತು ಹೆಗಲ ಮೇಲೆ ಹಾಕಿಕೊಂಡಿದ್ದ. ಅದಿನ್ನೂ ಅಲ್ಲೇ ನೇತಾಡುತ್ತಿತ್ತು.

ಅವಳು ಕಣ್ಣೊರೆಸಿಕೊಂಡು ಎದ್ದಳು. "ನಾನಾದ್ರೂ ಅಮ್ಮನ ಮಡಿಲಲ್ಲಿ ಬೆಳೆದೆ ಸಾರ್. ತಂಗಿ ಹುಟ್ಟಿದ ದಿನಾನೇ ಅಮ್ಮ ಹೋದ್ಲು. ಪಾಪ, ಅವಳು ಆ ದನೀನೇ ಕೇಳಿಲ್ಲ. 'ನೀನು ಮೊದಲು ಕೇಳಕ್ಕ' ಅಂತ ಹೊರಗೆ ಬೆಂಚಿನ ಮೇಲೆ ಕೂತಿದ್ದಾಳೆ. ಕರೀಲಾ?"

ಅವನು ಬಗ್ಗಿ, ಯಂತ್ರದ ಕೆಳಗಿನ ಪುಡಿಯನ್ನು ಬೆರಳ ತುದಿಯಿಂದ ಅಂಗೈಗೆ ಗೋರಿಕೊಳ್ಳುತ್ತಿದ್ದ. "ಬಾಗಿಲು ತೆಗೀಬೇಡಿ ಅಮ್ಮಾ," ಎಂದ. "ಗಾಳಿ ಬರುತ್ತೆ."