ಹಗ್ಗದ ಮನೆಯ ಮುದ್ರೆ

ಬಾಗಿಲು ತೆರೆದೇ ಇತ್ತು. ಒಳಗೆ ಬನ್ನಿ ಎನ್ನುವವರು ಮಾತ್ರ ಯಾರೂ ಇರಲಿಲ್ಲ. ಹತಾನೊ ಹೊಸ್ತಿಲಲ್ಲೇ ನಿಂತು ಮೂರನೆಯ ಸಲ ಕೆಮ್ಮಿದ.

"ಕೆಮ್ಮಿಗೆ ಔಷಧಿ ಇಲ್ಲಿ ಸಿಗಲ್ಲ," ಒಳಗಿನಿಂದ ಮುದಿ ದನಿ ಬಂತು. "ಮುದ್ರೆಗೆ ಬಂದಿದ್ದರೆ ಅದೂ ಸಿಗಲ್ಲ."

ಆ ಬೀದಿಯಲ್ಲಿ ಎಂಬತ್ತಾರು ಮನೆ. ಸಹಿಯ ಬದಲು ಮನವಿಗೆ ಒತ್ತಿದ ಎಂಬತ್ತೈದು ಮನೆಗಳ ಕೆಂಪು ಮುದ್ರೆ ಹತಾನೊನ ಕೈಚೀಲದಲ್ಲಿತ್ತು. ಸೋತ ಯುದ್ಧದ ಶಾಂತಿ ಒಪ್ಪಂದ ಜಾರಿಗೆ ಬಂದು ಆರು ತಿಂಗಳಾಗಿತ್ತು. ಅಮೆರಿಕದವರ ಜೀಪುಗಳೂ ಊರು ಬಿಟ್ಟಿದ್ದವು. ಆದರೆ ಈ ಜಿಲ್ಲೆಯ ಹನ್ನೊಂದು ಜನ ಯುದ್ಧಾಪರಾಧಿಗಳಾಗಿ ಮನಿಲಾದ ಜೈಲಿನಲ್ಲಿ ಇನ್ನೂ ನೇಣಿಗೆ ಕಾಯುತ್ತಿದ್ದರು. ಅವರಲ್ಲೊಬ್ಬ ಹತಾನೊನ ಮಗ ಶೋಜೊ. ಪೀಪಾಯಿ ಕಟ್ಟುವ ಕಸುಬನ್ನು ತಮ್ಮನ ಕೈಗೆ ಕೊಟ್ಟು, ಅರವತ್ತೊಂದರ ಮುದುಕ ಊರೂರು ಸುತ್ತುತ್ತಿದ್ದ. ಯುದ್ಧ ಪರಿಹಾರದ ಮಾತುಕತೆಗೆ ಮುಂದಿನ ವಾರ ಮನಿಲಾಕ್ಕೆ ಹೊರಡುವ ನಿಯೋಗದ ಕೈಗೆ ಕ್ಷಮೆಯ ಮನವಿ ಸೇರಬೇಕಿತ್ತು.

"ಅದೊಂದು ಮನೆ ಬಿಟ್ಟರೆ ಆಗಲ್ವಾ?" ಎಂದು ಬೆಳಿಗ್ಗೆ ಬೀದಿಯ ಮುಖ್ಯಸ್ಥ ಕುರಿಮೊತೊನನ್ನು ಹತಾನೊ ಕೇಳಿದ್ದ.

"ಒಂದು ತಪ್ಪಿದರೂ 'ಬೀದಿಗೆ ಬೀದಿಯೇ ಬೇಡಿಕೊಳ್ಳುತ್ತಿದೆ' ಅಂತ ಹೇಗ್ರೀ ಬರೆಯೋದು?" ಇದ್ದಿಲು ವ್ಯಾಪಾರಿ ಕುರಿಮೊತೊ ಕಪ್ಪು ಕೈ ಕೊಡವಿದ್ದ. "ನಾನೇ ಏಳು ಸಲ ಹೋದೆ. ಬೆಂಕಿ ಬಿದ್ದರೆ ಬರ್ತೀವಿ, ಹೆಣ ಬಿದ್ದರೆ ಬರ್ತೀವಿ, ಮಿಕ್ಕಿದ್ದಕ್ಕೆ ಈ ಬೀದಿ ನಿನ್ನ ಮುಖ ನೋಡಲ್ಲ ಅಂತಲೂ ಹೇಳಾಯ್ತು. 'ಸದ್ಯ, ಚಹಾ ಪುಡಿ ಉಳೀತು' ಅಂದ್ಲು! ನೀವು ಹೊರಗಿನವರು, ನೀವೇ ಒಂದು ಮಾತು ಕೇಳಿ ನೋಡಿ."

"ಲೆಫ್ಟಿನೆಂಟ್ ಮಿಸುಮಿ ಈ ಬೀದಿಯವರೇ ಅಂತಲ್ಲ? ನಮ್ಮ ಹುಡುಗನ ಅಧಿಕಾರಿ, ಈಗ ಅವನ ಜೊತೆಗೇ ಜೈಲಲ್ಲಿದ್ದಾರೆ. ಅವರ ಮನೆಗೂ ಹೋಗಿ ಬರ್ತೀನಿ."

"ಮೊದಲು ಈ ಕೆಲಸ ಮುಗೀಲಿ. ಅವರ ಮನೆಯವರನ್ನ ಆಮೇಲೆ ಕಾಣೋಣ."

ಈಗ ಹತಾನೊ ಚಪ್ಪಲಿ ಕಳಚಿಟ್ಟು ಒಳಗೆ ಹೋದ. ಬಾಗಿಲ ಕಂಬದಲ್ಲಿ ಹೆಸರಿನ ಹಲಗೆ ಇರಲಿಲ್ಲ, ಎರಡು ಮೊಳೆಯ ತೂತು ಮಾತ್ರ. ಊರಿಗೆಲ್ಲ ಅದು ಹಗ್ಗದ ಮನೆ, ಆಕೆ ಹಗ್ಗದ ಮನೆಯ ತ್ಸುನೆಯಮ್ಮ. ಚಾಪೆಯ ಮೇಲೆ ಕೂತು ಭತ್ತದ ಹುಲ್ಲು ಹೊಸೆಯುತ್ತಿದ್ದ ಮುದುಕಿ ತಲೆ ಎತ್ತಲಿಲ್ಲ.

"ಕೂತ್ಕೊಳ್ಳಿ. ನಿಂತು ಬೇಡಿದರೆ ಕಾಲು ನೋಯುತ್ತೆ, ಕೂತು ಬೇಡಿ."

ಹತಾನೊ ಕೂತ. ಮನವಿಯನ್ನು ಬಿಡಿಸಿ ಮುಂದಿಟ್ಟ.

"ಎಷ್ಟು ಮಕ್ಕಳು ನಿಮಗೆ?" ಆಕೆಯೇ ಕೇಳಿದಳು.

"ಇವನೊಬ್ಬನೇ ತಾಯಿ."

"ನನಗೂ ಒಬ್ಬನೇ ಇದ್ದ."

ಹತಾನೊ ಮೂಲೆಯ ಪೂಜಾಗೂಡಿನತ್ತ ಕಣ್ಣು ಹಾಯಿಸಿದ. ತೀರಿಕೊಂಡವರ ಹೆಸರಿಡುವ ಫಲಕಗಳಲ್ಲಿ ಗಂಡನದೊಂದೇ ಇತ್ತು. ಹೀಗೆ ಎಷ್ಟೋ ತಾಯಂದಿರನ್ನು ಅವನು ಕಂಡಿದ್ದ: ಮಗ ಸತ್ತ ಎಂದು ಸರ್ಕಾರ ಕಾಗದ ಕಳಿಸಿದರೂ ಫಲಕ ಮಾಡಿಸದವರು. ಈಕೆಯ ಮಗ ಮಿಸುಮಿಯ ಕೈಕೆಳಗೇ ಸತ್ತಿರಬೇಕು ಪಾಪ. ಅದಕ್ಕೇ ಈ ಹಟ.

"ನಿಮ್ಮ ಸಂಕಟ ನನಗೆ ಅರ್ಥ ಆಗುತ್ತೆ."

"ಆಗಲ್ಲ." ಹಗ್ಗ ಇನ್ನೊಂದು ಗೇಣು ಬೆಳೆಯಿತು. "ನಿಮ್ಮ ಪಟ್ಟಿಯಲ್ಲಿರೋ ಆ ಲೆಫ್ಟಿನೆಂಟು ಯುದ್ಧ ಮುಗಿಸಿ ಬಂದಾಗ, ಪೊಲೀಸರು ಹಿಡ್ಕೊಂಡು ಹೋಗೋ ಮುಂಚೆ, ನೀವು ಕೂತಿರೋ ಜಾಗದಲ್ಲೇ ಕೂತಿದ್ದ. ಬೇಯಿಸಿದ ಗೆಣಸು ಕೊಟ್ಟೆ. ತಿಂತಾ ಬಾವಿ ಕಥೆ ಹೇಳಿದ. ಅಲ್ಲಿನ ಒಂದು ಹಳ್ಳಿಯವರನ್ನ ಸಾಲಾಗಿ ನಿಲ್ಲಿಸಿ ಬಾವಿಗೆ ತಳ್ಳಿದ್ದು. ಮಕ್ಕಳಾದರೆ ಕಷ್ಟ ಇಲ್ಲ, ಹಗುರ ಅಂದ. ಆಮೇಲೆ, ಇನ್ನೊಂದು ಗೆಣಸು ಇದೆಯಾ ಅಂದ."

ಹತಾನೊ ತಾನು ಕೂತ ಜಾಗದಲ್ಲೇ ಮಿಸುಕಾಡಿದ.

"ನಮ್ಮ ಶೋಜೊ ಅಂಥವನಲ್ಲ. ಕಾವಲಿಗೆ ನಿಂತಿದ್ದನಂತೆ, ಅಷ್ಟೇ."

"ಅಂತೆ? ನೀವು ಕೇಳಿದಿರಾ?"

"ಅಪ್ಪನಾದವನು ಅದನ್ನ ಹೇಗಮ್ಮಾ ಕೇಳೋದು?"

ಆಕೆಯ ಕೈ ಮೊದಲ ಸಲ ನಿಂತಿತು. "ಕೇಳಬೇಡಿ," ಎಂದಳು. ದನಿಯಲ್ಲಿ ಕುಹಕವಿರಲಿಲ್ಲ. ಮನವಿಯನ್ನು ಹತ್ತಿರಕ್ಕೆ ಎಳೆದುಕೊಂಡು ಹನ್ನೊಂದು ಹೆಸರುಗಳ ಮೇಲೆ ಬೆರಳಾಡಿಸಿದಳು. "ಒಂದು ಹೆಸರು ಬಿಟ್ಟು ಮಿಕ್ಕ ಹತ್ತಕ್ಕೆ ಒತ್ತಬಹುದಾ?"

"ಆಗಲ್ಲ ತಾಯಿ. ಕಾಗದ ಒಂದೇ. ಬಂದರೆ ಎಲ್ಲರೂ ಒಂದೇ ಹಡಗಲ್ಲಿ ಬರಬೇಕು."

"ಒಂದೇ ಹಡಗಲ್ಲಿ." ಆಕೆ ಹಗ್ಗದ ತುದಿ ಮತ್ತೆ ಕೈಗೆತ್ತಿಕೊಂಡಳು. "ನಿಮ್ಮವನು ಬಂದರೆ ಏನು ಮಾಡಿ ಹಾಕ್ತೀರಿ?"

"ಅವನಮ್ಮ ಹೋಗಿಬಿಟ್ಟಳು. ನನಗೆ ಬರೋದು ಮೂಲಂಗಿ ಸಾರೊಂದೇ. ಅದೂ ಒಂದು ದಿನ ಉಪ್ಪು ಜಾಸ್ತಿ, ಒಂದು ದಿನ ಸಪ್ಪೆ. ಆದರೂ ನಗ್ತಾ ತಿಂತಿದ್ದ..." ಹತಾನೊ ಹಣೆಯನ್ನು ಚಾಪೆಗೆ ಒತ್ತಿ ಅತ್ತುಬಿಟ್ಟ. ಮಗ ಜೈಲು ಸೇರಿದ ಆರು ವರ್ಷದಲ್ಲಿ ಪರರ ಮನೆಯಲ್ಲಿ ಅತ್ತದ್ದು ಅದೇ ಮೊದಲು.

ಡ್ರಾಯರ್ ಎಳೆದ ಸದ್ದಾಯಿತು. ಮುದ್ರೆಯ ತುದಿಗೆ ಬಾಯುಸಿರು ಊದಿದ ಸದ್ದು. ತಲೆ ಎತ್ತುವಷ್ಟರಲ್ಲಿ, ಖಾಲಿ ಉಳಿದಿದ್ದ ಆ ಒಂದು ಸಾಲಿನ ಮೇಲೆ ತೆಳು ಕಾಗದ ಹೊದಿಸಿಯಾಗಿತ್ತು.

"ಹಸಿ ಇದೆ, ಒಣಗೋ ತನಕ ತೆಗೀಬೇಡಿ. ನಿಮ್ಮ ಮೂಲಂಗಿ ಸಾರಿಗೆ ಒತ್ತಿದ್ದೀನಿ. ಇನ್ಯಾರಿಗೂ ಅಲ್ಲ. ಹೊರಡಿ."

ಹತಾನೊ ಓಡಿದ ಎಂದೇ ಹೇಳಬೇಕು. ಇದ್ದಿಲಂಗಡಿಯಲ್ಲಿ ಕುರಿಮೊತೊ ಕೈ ತೊಳೆದುಕೊಂಡು ಬಂದು, ತೆಳು ಕಾಗದ ಎತ್ತಿ ನೋಡಿ, ತೊಡೆ ತಟ್ಟಿಕೊಂಡ. "ಗೆದ್ದಿರಿ ಯಜಮಾನ್ರೇ! ನಿಜ ಹೇಳಿದ್ದರೆ ನೀವು ಆ ಮನೆಗೆ ಕಾಲಿಡ್ತಿರಲಿಲ್ಲ."

"ಯಾವ ನಿಜ? ಇರಲಿ, ಈಗಲಾದರೂ ಮಿಸುಮಿಯವರ ಮನೆಗೆ ಕರ್ಕೊಂಡು ಹೋಗಿ. ಅವರಿಗೂ ಈ ಸಿಹಿಸುದ್ದಿ ಹೇಳೋಣ."

ಕುರಿಮೊತೊ ಕಾಗದವನ್ನು ಅವನತ್ತ ತಿರುಗಿಸಿ, ಹಸಿ ಮುದ್ರೆಯಲ್ಲಿದ್ದ ಮನೆತನದ ಹೆಸರು ತೋರಿಸಿದ: "ನೀವೀಗ ಅಲ್ಲಿಂದಲೇ ಅಲ್ವೇನ್ರೀ ಬಂದಿದ್ದು? ಹೆತ್ತ ತಾಯೇ ಒತ್ತದ ಮನವೀನ ಮನಿಲಾದಲ್ಲಿ ಯಾರು ಓದ್ತಾರೆ?"