ನೂರು ವರ್ಷದ ನೆಲ

"ಗಾಲಿಕುರ್ಚಿ ಒಳಗೆ ಬರೋ ಹಾಗಿಲ್ಲಮ್ಮ," ಎಂದು ಮ್ಯಾನೇಜರು ಹೊಸ್ತಿಲಲ್ಲೇ ಕೈ ಅಡ್ಡ ಹಿಡಿದ. "ಇದು ನೂರು ವರ್ಷದ ಮರದ ನೆಲ. ಗೆರೆ ಬೀಳುತ್ತೆ. ಎಸ್ಟೇಟಿನ ಯಜಮಾನರು ಕಟ್ಟುನಿಟ್ಟಾಗಿ ಹೇಳಿದಾರೆ."

ಅತ್ತೆಯನ್ನು ಕುರ್ಚಿಯಲ್ಲಿ ಕೂರಿಸಿ ತಳ್ಳಿಕೊಂಡು ಬಂದಿದ್ದ ಸೊಸೆ ಜಗಲಿಯಲ್ಲೇ ನಿಂತುಬಿಟ್ಟಳು. ಒಳಗಿನ ಹಜಾರದಲ್ಲಿ ಇನ್ನು ಸ್ವಲ್ಪ ಹೊತ್ತಿಗೆ ಅವಳ ಮಗಳ ಮದುವೆ. ಊರಾಚೆ ಕಣ್ಣು ಹಾಯುವಷ್ಟು ದೂರ ಹುಲ್ಲುಹಾಸು, ನಡುವೆ ಅರಮನೆಯಂಥ ಈ ಮನೆ. ಶನಿವಾರ, ಭಾನುವಾರಕ್ಕೆ ಬಾಡಿಗೆ ಹಿಡಿದವರು ಗಂಡಿನ ಕಡೆಯವರು. ಅತ್ತೆಯ ಕಾಲು ಸುಮ್ಮನೆ ಸೋತದ್ದಲ್ಲ. ಹೊಲಿಗೆ ಮಿಷನ್ನು ತುಳಿದೂ ತುಳಿದೂ ಸಂಸಾರವನ್ನು ದಡ ಮುಟ್ಟಿಸಿ ಆಮೇಲೆ ಸೋತದ್ದು. ಆದರೂ ಮೊಮ್ಮಗಳ ಮದುವೆಯ ಉಡುಪನ್ನು ಇನ್ನೊಬ್ಬರ ಕೈಗೆ ಕೊಡದೆ, ಕೂತಲ್ಲೇ ಕೂತು ಸೂಜಿ ದಾರದಲ್ಲೇ ಹೊಲಿದು ಮುಗಿಸಿದ್ದರು. ಅದನ್ನು ತೊಟ್ಟು ಹುಡುಗಿ ಮಹಡಿ ಇಳಿದು ಬರುವುದನ್ನು ಕಣ್ತುಂಬ ನೋಡಬೇಕು. ಅವರಿಗೆ ಉಳಿದಿದ್ದ ಆಸೆ ಅದೊಂದೇ.

"ಏನೂ ಯೋಚ್ನೆ ಮಾಡ್ಬೇಡಿ," ಮ್ಯಾನೇಜರ ಮಾತಿನಲ್ಲಿ ಜೇನು ಸುರಿಯುತ್ತಿತ್ತು. "ಜಗಲೀಲೇ ದೊಡ್ಡ ಟೀವಿ ಹಾಕಿಸ್ತೀವಿ. ಅಜ್ಜಿ ಇಲ್ಲೇ ಗಾಳಿ ತಗೊಂಡು ಆರಾಮಾಗಿ ನೋಡ್ಬಹುದು."

"ಟೀವಿ ನಮ್ಮ ಮನೇಲೂ ಇದೆಯಲ್ಲಪ್ಪ," ಅಂದರು ಅತ್ತೆ.

"ಹಾಗಾದ್ರೆ ನಮ್ಮ ಆಳುಗಳನ್ನ ಕರೀತೀನಿ. ನಾಲ್ಕು ಜನ ಎತ್ಕೊಂಡು ಹೋಗಿ ಸೋಫಾದಲ್ಲಿ ಕೂರಿಸ್ತಾರೆ."

"ನಾಲ್ಕು ಜನ ಹೊರೋ ದಿನ ದೂರ ಇಲ್ಲ, ಒಪ್ಕೋತೀನಿ. ಆದ್ರೆ ಇವತ್ತು ಬೇಡ."

ಗದ್ದಲ ಕೇಳಿ ಗಂಡಿನ ತಂದೆ ಹೊರಗೆ ಬಂದರು. "ಬೀಗಿತ್ತಿಯವರೇ, ಎರಡು ದಿನದ ಮಾತು, ಸ್ವಲ್ಪ ಹೊಂದ್ಕೊಳ್ಳಿ. ಇಂಥ ಮನೆ ಸಿಗೋದೇ ಕಷ್ಟ," ಎಂದು ಅತ್ತೆಯ ತಲೆಯ ಮೇಲಿಂದಲೇ ಸೊಸೆಯ ಜೊತೆ ಮಾತಾಡಿದರು. ಕುರ್ಚಿಯಲ್ಲೊಂದು ಜೀವ ಇದೆ ಎಂದು ತಗ್ಗಿ ನೋಡಲೂ ಇಲ್ಲ. ಬಂದ ಹಾಗೇ ಒಳಗೆ ಹೋದರು.

ಸೊಸೆಗೆ ಮೈಯೆಲ್ಲ ಉರಿದುಹೋಯಿತು. ಆದರೇನು, ಆಕೆ ಮೊದಲಿನಿಂದಲೂ 'ಹೋಗ್ಲಿ ಬಿಡಿ' ಗಿರಾಕಿ. ತರಕಾರಿಯವನು ಕೊಳೆತದ್ದನ್ನು ತೂಗಿ ಹಾಕಿದರೂ ಹೋಗ್ಲಿ ಬಿಡಿ, ಬಸ್ಸಿನಲ್ಲಿ ಯಾರಾದರೂ ಕಾಲು ತುಳಿದರೂ ಹೋಗ್ಲಿ ಬಿಡಿ. ಮನೆಮಂದಿಯೆಲ್ಲ ಅದನ್ನೇ ಅಡ್ಡಹೆಸರು ಮಾಡಿ ಕರೆದರೆ ಅದಕ್ಕೂ ಹೋಗ್ಲಿ ಬಿಡಿ. ಮಗಳ ಬಾಳು ಶುರುವಾಗುವ ಹೊತ್ತಿನಲ್ಲಿ ಬೀಗರ ಜೊತೆ ಜಗಳ ಕಾಯುವುದೇ? ಕುರ್ಚಿಯನ್ನು ಗೋಡೆ ಪಕ್ಕಕ್ಕೆ ಸರಿಸಿದಳು. ಅತ್ತೆ ಬೆಳಗ್ಗೆಯಿಂದ ಒರೆಸಿ ಒರೆಸಿ ಹಾಕಿಕೊಳ್ಳುತ್ತಿದ್ದ ಕನ್ನಡಕವನ್ನು ತೆಗೆದು ಡಬ್ಬಿಯಲ್ಲಿಟ್ಟು ಮುಚ್ಚಿದರು.

ಅದೇ ಹೊತ್ತಿಗೆ "ದಾರಿ ಬಿಡಿ, ದಾರಿ ಬಿಡಿ!" ಎನ್ನುತ್ತ ಮೂರಂತಸ್ತಿನ ಕೇಕು ಬಂತು. ಸ್ಟೀಲಿನ ಟ್ರಾಲಿಯ ಮೇಲೆ ಅದರ ಸವಾರಿ. ಮ್ಯಾನೇಜರು ತಾನೇ ಓಡಿಬಂದು ಹೊಸ್ತಿಲಿಗೆ ಹಲಗೆ ಹಾಸಿದ. ಟ್ರಾಲಿ ಹಲಗೆ ಹತ್ತಿ ಇಳಿದು ನೂರು ವರ್ಷದ ನೆಲದ ಮೇಲೆ ಗಡಗಡ ಉರುಳಿತು. "ಹುಷಾರು, ಹುಷಾರು," ಎಂದು ಅವನು ಕೂಗಿದ್ದು ನೆಲದ ಮೇಲಿನ ಕಾಳಜಿಯಿಂದಲ್ಲ, ಕೇಕಿನ ಮೇಲಿನ ಹೂವು ಅಲುಗೀತೆಂದು.

"ಏನಪ್ಪಾ," ಎಂದಳು ಸೊಸೆ. ಆ ದನಿ ತನ್ನದೇ ಎಂದು ಅವಳಿಗೇ ನಂಬಿಕೆಯಾಗಲಿಲ್ಲ. "ಅದಕ್ಕೂ ಗಾಲಿ ಇದೆಯಲ್ಲ?"

"ಅದು... ಅದು ಕೇಕ್ ಅಮ್ಮ."

"ಇದು ನಮ್ಮತ್ತೆ!"

ಹಜಾರಕ್ಕೆ ಹಜಾರವೇ ತಿರುಗಿ ನೋಡಿತು. ಹಲಗೆ ಎತ್ತಲು ಬಗ್ಗಿದ ಮ್ಯಾನೇಜರು ಬಗ್ಗಿದಲ್ಲೇ ನಿಂತ. "ಮುಟ್ಟಬೇಡ ಅದನ್ನ!" ಎಂದಳು ಸೊಸೆ. "ನಾಳೆ ಹೊತ್ತಿಗೆ ಹೊಟ್ಟೇಲಿ ಕರಗಿಹೋಗೋ ವಸ್ತುವಿಗೆ ಹಲಗೆ ಹಾಸ್ತೀರಿ. ಮೇಲೆ ನಿಂತಿದಾಳಲ್ಲ ನನ್ನ ಮಗಳು, ಅವಳ ಮೈಮೇಲಿರೋ ಬಟ್ಟೆಗೆ ಒಂದೊಂದು ಹೊಲಿಗೇನೂ ಹಾಕಿದೋರು ಇವರು. ಇವರು ಹೊರಗೆ ಕೂತು ಟೀವಿ ನೋಡ್ಬೇಕಾ? ನಾಚಿಕೆ ಆಗಲ್ವಾ ನಿಮಗೆ?"

"ಬೀಗಿತ್ತಿಯವರೇ, ಜನ ನೋಡ್ತಿದಾರೆ..." ಗಂಡಿನ ತಂದೆ ಮತ್ತೆ ಬಂದರು.

"ನೋಡ್ಲಿ. ನಿಮ್ಮ ಮಗನೂ ನೋಡ್ಲಿ. ಅವರು ಅಳಿಯ ಆಗಿ ಬರೋ ಮನೆಗೆ ಇವರೇ ಹಿರಿಯರು."

ಆಮೇಲೆ ಯಾರ ಅಪ್ಪಣೆಗೂ ಕಾಯಲಿಲ್ಲ. ಕೇಕು ಹೋದ ದಾರಿಯಲ್ಲೇ ಕುರ್ಚಿ ಹಲಗೆ ಹತ್ತಿ ಇಳಿದು, ಹಜಾರದ ಉದ್ದಕ್ಕೂ ಸಾಗಿ, ಮೆಟ್ಟಿಲ ಎದುರಿಗೇ ಹೋಗಿ ನಿಂತಿತು. ಸೊಸೆಯ ಮನಸ್ಸು ಎಷ್ಟೋ ವರ್ಷಗಳ ಮೇಲೆ ಹಗುರವಾಗಿತ್ತು. ಅತ್ತೆ ಡಬ್ಬಿ ತೆರೆದು ಕನ್ನಡಕ ಹಾಕಿಕೊಂಡರು. ಇಳಿದು ಬಂದ ಮೊಮ್ಮಗಳನ್ನು ಅಂಚಿನಿಂದ ಕೊರಳಿನವರೆಗೆ ನೋಡಿ, "ಎಡತೋಳು ಒಂಚೂರು ಬಿಗಿಯಾಯ್ತು ಕಣೇ," ಎಂದು ಕಣ್ಣೊರೆಸಿಕೊಂಡರು.

ಮದುವೆ ಮುಗಿದು ಜನ ಕೇಕಿನ ಸುತ್ತ ಮುತ್ತಿಕೊಂಡಾಗ, ಮ್ಯಾನೇಜರು ಬಟ್ಟೆ ಹಿಡಿದು ಮಂಡಿಯೂರಿ, ಕುರ್ಚಿ ಬಂದ ದಾರಿಯನ್ನಷ್ಟೇ ಒರೆಸುತ್ತ ಬರುತ್ತಿದ್ದ. ಟ್ರಾಲಿ ನಿಂತಿದ್ದ ಕಡೆಗೆ ಅವನ ಕಣ್ಣೇ ಹೋಗಲಿಲ್ಲ. ಅತ್ತೆ ಅವನನ್ನೇ ನೋಡುತ್ತಿದ್ದರು.

"ಗೆರೆ ಬಿತ್ತೇನಪ್ಪಾ?"

"ಇಲ್ಲ ಅಜ್ಜಿ, ಏನೂ ಬಿದ್ದಿಲ್ಲ," ಎಂದ ಅವನು, ತಲೆ ಎತ್ತದೆ.

"ಬಿದ್ದಿಲ್ವಾ?" ಅತ್ತೆ ಸೊಸೆಯ ಕಡೆ ತಿರುಗಿದರು. "ಹಾಗಾದ್ರೆ ಇನ್ನೊಂದು ಸುತ್ತು ತಳ್ಳೇ."